ಗುರಿ ಅಭ್ಯಾಸಕ್ಕೆ ನಂಬಬಹುದಾದ .22 ಪಿಸ್ತೂಲು: ಆರಿಸುವ ಕ್ರಮ, ಪರೀಕ್ಷೆ, ಎಚ್ಚರಿಕೆಗಳು

ಬಿಡುವಿನ ವೇಳೆಯ ಗುರಿ ಅಭ್ಯಾಸಕ್ಕೆಂದು ಚಿಕ್ಕ ಕ್ಯಾಲಿಬರಿನ (ನಳಿಗೆಯ ಒಳವ್ಯಾಸ ಚಿಕ್ಕದಿರುವ; .22 ಎಂದರೆ 0.22 ಇಂಚು) ಪಿಸ್ತೂಲು ಕೊಂಡವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ. ಎಂಟು ಹತ್ತು ಗುಂಡಿಗೊಮ್ಮೆ ಸಿಕ್ಕಿಕೊಳ್ಳುತ್ತದೆ, ಕೆಲವು ತೋಟಾ ಠುಸ್ ಆಗುತ್ತವೆ, ಎಷ್ಟು ಗಮನವಿಟ್ಟು ಹೊಡೆದರೂ ಗುಂಡು ಚದುರಿ ಬೀಳುತ್ತದೆ. ಪಿಸ್ತೂಲು ನಿಜವಾಗಿ ಕೆಟ್ಟಿರುವುದು ಕಡಿಮೆ. ಆರಿಸಿದ ಕ್ರಮವೇ ತಿರುವುಮುರುವಾಗಿರುವುದು ಹೆಚ್ಚು. ಮೊದಲು ಹೆಸರು, ಆಮೇಲೆ ಅಂದ, ಆಮೇಲೆ ಕೈಗೆ ಹೊಂದುತ್ತದೆಯೇ ಎಂಬ ಯೋಚನೆ, ಕಟ್ಟಕಡೆಗೆ ತೋಟಾ. ಈ ಕ್ರಮವನ್ನು ತಲೆಕೆಳಗು ಮಾಡಿ. ತೋಟಾದಿಂದ ಶುರು ಮಾಡಿ, ಹೆಸರನ್ನು ಕೊನೆಗೆ ಇಡಿ.

ಆಯುಧ ಇಟ್ಟುಕೊಳ್ಳುವ ಪರವಾನಗಿ, ಸಾಗಿಸುವ ನಿಯಮ, ಮ್ಯಾಗಜೀನಿನ (ತೋಟಾ ತುಂಬುವ ಡಬ್ಬಿಯ) ಮಿತಿ ಎಲ್ಲವೂ ಒಂದೊಂದು ಕಡೆ ಒಂದೊಂದು ರೀತಿ. ನೀವಿರುವ ಜಾಗದ ಕಾನೂನನ್ನು ಕೈಯಲ್ಲಿ ಹಿಡಿದೇ ಅಂಗಡಿಯ ಮೆಟ್ಟಿಲು ಹತ್ತಿ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ. .22 ಸದ್ದು ಕಡಿಮೆ ಎಂದು ಕಿವಿ ಮುಚ್ಚದವರು ಬಹಳ ಜನ. ಗಿಡ್ಡ ನಳಿಗೆಯಿಂದ ಹೊಮ್ಮುವ ಅದರ ಸದ್ದು 140 ಡೆಸಿಬಲ್ ದಾಟುತ್ತದೆ. ಅಷ್ಟು ಸದ್ದಿಗೆ ಕಿವಿಗೆ ಆಗುವ ಹಾನಿ ಮತ್ತೆ ಸರಿಹೋಗುವುದಿಲ್ಲ.

ಇದರ ಜೊತೆಗೆ .22 ಅಳತೆಯ ಹತ್ತು ಡಮ್ಮಿ ತೋಟಾ, ಸಣ್ಣ ಟಾರ್ಚು, ಟ್ರಿಗರ್ ಎಳೆತ ಅಳೆಯುವ ಮಾಪಕ, .22 ನಳಿಗೆಗೆ ಹೋಗುವ ಸ್ವಚ್ಛತೆಯ ಸಲಾಕೆ, ಅಳತೆಪಟ್ಟಿ, ಕೈ ಊರಲು ಮರಳಿನ ಚೀಲ, ಒಂದು ಮಾರ್ಕರ್ ಪೆನ್ನು, ನೋಟ್‌ಬುಕ್ಕು ಬೇಕು. ತೋಟಾ ಬೇರೆ ಬೇರೆ ಬ್ರ್ಯಾಂಡಿನ ನಾಲ್ಕೈದು ಪೆಟ್ಟಿಗೆ ಇರಲಿ. ಸಾಮಾನ್ಯವಾಗಿ ಪೆಟ್ಟಿಗೆಗೆ 50 ಬರುತ್ತವೆ. ಒಂದೇ ಬ್ರ್ಯಾಂಡಿನ 500 ತೋಟಾವನ್ನು ಈಗಲೇ ಕೊಳ್ಳಬೇಡಿ.

## ಹಂತ 1: ತೋಟಾವನ್ನು ಅರ್ಥ ಮಾಡಿಕೊಳ್ಳಿ

ಈ ಕೆಲಸಕ್ಕೆ ಸರಿಯಾದದ್ದು .22 ಲಾಂಗ್ ರೈಫಲ್. ಒದೆತ ಕಡಿಮೆ, ಎಲ್ಲ ಕಡೆ ಸಿಗುತ್ತದೆ, ಒಂದೇ ಹೊತ್ತಿಗೆ ನೂರಿನ್ನೂರು ಹೊಡೆದರೂ ಕೈ ಸೋಲುವುದಿಲ್ಲ. ಜೇಬಿಗೆಂದು ಮಾಡಿದ .25 ಪಿಸ್ತೂಲುಗಳೂ ಚಿಕ್ಕವೇ, ಆದರೆ ಅವುಗಳ ಸೈಟು (ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಇರುವ ಗುರುತು) ಹೆಸರಿಗೆ ಮಾತ್ರ, ಹಿಡಿ ಎರಡು ಬೆರಳಿಗೆ ಮುಗಿಯುತ್ತದೆ. ಗುರಿ ಕಲಿಯಲು ಅವು ಬೇಡ.

.22 ರಿಮ್‌ಫೈರ್ ಜಾತಿಯದು. ಕಿಡಿ ಹೊತ್ತಿಸುವ ಮಿಶ್ರಣ ತೋಟಾದ ನಡುವೆ ಇರುವುದಿಲ್ಲ, ಹಿಂಬದಿಯ ಅಂಚಿನ ಒಳಮಡಿಕೆಯಲ್ಲಿ ಸುತ್ತಲೂ ಹರಡಿರುತ್ತದೆ. ಕಾರ್ಖಾನೆಯಲ್ಲಿ ಅದು ಎಲ್ಲಾದರೂ ಸರಿಯಾಗಿ ಹರಡದೆ ಉಳಿದು, ಫೈರಿಂಗ್ ಪಿನ್ (ತೋಟಾವನ್ನು ಬಡಿದು ಹೊತ್ತಿಸುವ ಮೊಳೆ) ಅಲ್ಲೇ ಬಡಿದರೆ ತೋಟಾ ಹಾರುವುದಿಲ್ಲ. ಆದ್ದರಿಂದ ನೂರಾರು ತೋಟಾಗಳಲ್ಲಿ ಒಂದೆರಡು ಠುಸ್ ಆದರೆ ಪಿಸ್ತೂಲನ್ನು ಬಯ್ಯಬೇಡಿ.

ಇದೇ ಅಂಚು ಮ್ಯಾಗಜೀನಿನಲ್ಲೂ ತೊಂದರೆ ಕೊಡುತ್ತದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತರೆ ಎರಡೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ, ಮುಂದೆ ಹೋಗುವುದಿಲ್ಲ. ಮೂರನೆಯ ತೊಡಕು ಶಕ್ತಿಯದು. 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಸೀಸದ ಗುಂಡು ಕೊಡುವ ಒದೆತದಿಂದಲೇ ಪಿಸ್ತೂಲು ತನ್ನ ಸ್ಲೈಡನ್ನು (ಮೇಲಿನ ಜಾರುವ ಭಾಗವನ್ನು) ಹಿಂದೆ ತಳ್ಳಿ, ಖಾಲಿ ಕೇಸನ್ನು (ಗುಂಡು ಹೋದ ಮೇಲೆ ಉಳಿದ ತೋಟಾದ ಕವಚವನ್ನು) ಎಸೆದು, ಹೊಸದನ್ನು ತುಂಬಿಕೊಳ್ಳಬೇಕು. ಇಷ್ಟು ಸಣ್ಣ ಬಲದಲ್ಲಿ ಸ್ವಲ್ಪ ಮಸಿ, ಸ್ವಲ್ಪ ಗಟ್ಟಿ ಎಣ್ಣೆ, ಸ್ವಲ್ಪ ಸಡಿಲ ಮಣಿಕಟ್ಟು ಇದ್ದರೂ ಲೆಕ್ಕ ತಪ್ಪುತ್ತದೆ.

ಪೆಟ್ಟಿಗೆಯ ಮೇಲೆ ಸ್ಟ್ಯಾಂಡರ್ಡ್ ವೆಲಾಸಿಟಿ, ಹೈ ವೆಲಾಸಿಟಿ ಎಂದು ಬರೆದಿರುವುದನ್ನು ನೋಡಿ ಕೊಳ್ಳಿ. ಉದಾಹರಣೆಗೆ ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿಯ ಘೋಷಿತ ವೇಗ ಸೆಕೆಂಡಿಗೆ 1,070 ಅಡಿ, ಅದೇ ಕಂಪನಿಯ ಮಿನಿ-ಮ್ಯಾಗ್ 40 ಗ್ರೇನಿನದು 1,235 ಅಡಿ. ಇವು ಉದ್ದ ನಳಿಗೆಯ ರೈಫಲ್ಲಿನಲ್ಲಿ ಅಳೆದ ಅಂಕಿಗಳು; ಪಿಸ್ತೂಲಿನಲ್ಲಿ ವೇಗ ಇದಕ್ಕಿಂತ ಕಡಿಮೆ. ಗುರಿ ಪಿಸ್ತೂಲುಗಳು ಸಾಮಾನ್ಯವಾಗಿ ಮೊದಲನೆಯದರಲ್ಲಿ ಚೊಕ್ಕವಾಗಿ ಹೊಡೆಯುತ್ತವೆ. ಸ್ಲೈಡ್ ಇರುವ ಅನೇಕ ಹಗುರ ಮಾದರಿಗಳಿಗೆ ಎರಡನೆಯದೇ ಬೇಕು.

ಎಚ್ಚರಿಕೆ: .22 ಮ್ಯಾಗ್ನಮ್ ಬೇರೆಯೇ ತೋಟಾ, ಹೆಚ್ಚು ದಪ್ಪ. ಮ್ಯಾಗ್ನಮ್ ಚೇಂಬರಿನಲ್ಲಿ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿನಲ್ಲಿ) ಲಾಂಗ್ ರೈಫಲ್ ಹಾಕಿದರೆ ಸಡಿಲವಾಗಿ ಕೂರುತ್ತದೆ, ಹೊಡೆದಾಗ ಕೇಸ್ ಸೀಳಿ ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು. ನಳಿಗೆಯ ಮೇಲೆ ಕೆತ್ತಿದ ಹೆಸರನ್ನು ಅಕ್ಷರ ಬಿಡದೆ ಓದಿ.

## ಹಂತ 2: ಎಷ್ಟು ದೂರ, ಏನಕ್ಕೆ ಹೊಡೆಯುತ್ತೀರಿ

ಹತ್ತು ಹದಿನೈದು ಮೀಟರಿನಲ್ಲಿ ಡಬ್ಬಿ, ದೊಡ್ಡ ಕಾಗದ ಹೊಡೆಯುವುದಾದರೆ ಯಾವುದೇ ಒಳ್ಳೆಯ ಪಿಸ್ತೂಲು ಸಾಕು. 25 ಮೀಟರಿನ ಪ್ರಿಸಿಷನ್ ಟಾರ್ಗೆಟ್ಟಿನಲ್ಲಿ ಹತ್ತರ ವೃತ್ತದ ವ್ಯಾಸ 50 ಮಿ.ಮೀ. ಮಾತ್ರ. ಅದರ ಮೇಲೆ ಕಣ್ಣಿದ್ದರೆ ಹೊಂದಿಸಬಹುದಾದ ಸೈಟು, ಒಳ್ಳೆಯ ಟ್ರಿಗರ್ ಇಲ್ಲದೆ ಆಗದು.

ಮುಂದೆ ಸ್ಪರ್ಧೆಗೆ ಇಳಿಯುವ ಆಸೆ ಸ್ವಲ್ಪವಾದರೂ ಇದ್ದರೆ ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) 25 ಮೀಟರ್ ಪಿಸ್ತೂಲಿನ ಮಿತಿಗಳನ್ನು ಈಗಲೇ ಬರೆದಿಟ್ಟುಕೊಳ್ಳಿ: ತೂಕ 1,400 ಗ್ರಾಂ ಮೀರಬಾರದು, ಟ್ರಿಗರ್ ಎಳೆತ 1,000 ಗ್ರಾಂಗಿಂತ ಕಡಿಮೆ ಇರಬಾರದು, ನಳಿಗೆ 153 ಮಿ.ಮೀ. ಒಳಗಿರಬೇಕು, ಎರಡು ಸೈಟುಗಳ ನಡುವಿನ ಅಂತರ 220 ಮಿ.ಮೀ. ದಾಟಬಾರದು.

## ಹಂತ 3: ಯಂತ್ರದ ಬಗೆಯನ್ನು ಆರಿಸಿ

ಮೂರು ಬಗೆ ಇವೆ. ಇಲ್ಲಿ ಮಾಡಿದ ತಪ್ಪನ್ನು ಆಮೇಲೆ ಯಾವ ಬಿಡಿಭಾಗವೂ ಸರಿಪಡಿಸುವುದಿಲ್ಲ.

ಮೊದಲನೆಯದು ನಳಿಗೆ ಅಲುಗದೆ ಕೂತು, ಒಳಗೆ ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ ಲೋಹದ ದಿಂಡು) ಮಾತ್ರ ಹಿಂದೆ ಮುಂದೆ ಓಡುವ ಗುರಿ ಪಿಸ್ತೂಲು. ರೂಗರ್ ಮಾರ್ಕ್ 4, ಬ್ರೌನಿಂಗ್ ಬಕ್ ಮಾರ್ಕ್, ಸ್ಮಿತ್ ಅಂಡ್ ವೆಸ್ಸನ್ ವಿಕ್ಟರಿ ಇದೇ ಗುಂಪಿಗೆ ಸೇರಿದವು. ಅಲುಗದ ನಳಿಗೆಗೇ ಗುರಿ ಕಟ್ಟಿದಂತಾಗುವುದರಿಂದ ಹೊಡೆತ ಹೊಡೆತಕ್ಕೂ ಒಂದೇ ಕಡೆ ಬೀಳುತ್ತದೆ. ಬೋಲ್ಟ್ ಹಗುರ, ಹಾಗಾಗಿ ಸಪ್ಪೆ (ಕಡಿಮೆ ವೇಗದ) ತೋಟಾದಲ್ಲೂ ಕೆಲಸ ನಡೆಯುತ್ತದೆ. ಮೊದಲ ಪಿಸ್ತೂಲಿಗೆ ನಮ್ಮ ಶಿಫಾರಸು ಈ ಬಗೆಯೇ. ಹಿಂದಿನ ಮಾರ್ಕ್ ಮಾದರಿಗಳನ್ನು ಬಿಚ್ಚಿ ಜೋಡಿಸುವುದು ದೊಡ್ಡ ತಲೆನೋವಾಗಿತ್ತು. 2016ರಲ್ಲಿ ಬಂದ ಮಾರ್ಕ್ 4ರಲ್ಲಿ ಹಿಂಬದಿಯ ಒಂದು ಗುಂಡಿ ಒತ್ತಿದರೆ ಮೇಲ್ಭಾಗ ಮಡಚಿ ಬರುತ್ತದೆ. ಹಳೆಯದನ್ನು ಕೊಳ್ಳುವವರು ಈ ವ್ಯತ್ಯಾಸ ನೆನಪಿಡಿ.

ಎರಡನೆಯದು ಪೊಲೀಸರ ದೊಡ್ಡ ಪಿಸ್ತೂಲಿನ ರೂಪದ ಸ್ಲೈಡ್ ಮಾದರಿ: ವಾಲ್ಥರ್ ಪಿ22, ರೂಗರ್ ಎಸ್‌ಆರ್22, ಟಾರಸ್ ಟಿಎಕ್ಸ್22, ಗ್ಲಾಕ್ 44. ಹಗುರ, ಚಿಕ್ಕ, ಸಣ್ಣ ಕೈಗೂ ಒಗ್ಗುತ್ತವೆ. ಹಿಂದಿನ ಸೈಟು ಸ್ಲೈಡಿನ ಜೊತೆ ಓಡಾಡುವುದರಿಂದ, ಪ್ರತಿ ಸಲ ಸ್ಲೈಡ್ ಅದೇ ಜಾಗಕ್ಕೆ ಬಂದು ಕೂರುವುದರ ಮೇಲೆ ಗುರಿ ನಿಂತಿದೆ. ತೋಟಾದ ವಿಷಯದಲ್ಲಿ ಹಟಮಾರಿಗಳು ಇದರಲ್ಲೇ ಹೆಚ್ಚು.

ಮೂರನೆಯದು ರಿವಾಲ್ವರ್. ಸ್ಮಿತ್ ಅಂಡ್ ವೆಸ್ಸನ್ 617, ರೂಗರ್ ಸಿಂಗಲ್-ಸಿಕ್ಸ್ ಇದರ ಹಳೆಯ ಹೆಸರುಗಳು. ಮ್ಯಾಗಜೀನ್ ಇಲ್ಲ, ಸ್ಲೈಡ್ ಇಲ್ಲ, ತೋಟಾ ಸಪ್ಪೆಯೋ ಚುರುಕೋ ಎಂಬ ಹಂಗಿಲ್ಲ. ಆದರೆ ಮಸಿ ಕಟ್ಟಿದ ಚೇಂಬರಿಗೆ ತೋಟಾ ಪೂರ್ತಿ ಇಳಿಯದೆ ಸಿಲಿಂಡರ್ (ತೋಟಾ ಹಿಡಿದಿರುವ ಉರುಳೆ) ತಿರುಗುವುದು ಕಷ್ಟವಾಗುತ್ತದೆ. ಸಾವಕಾಶವಾಗಿ ಒಂದೊಂದೇ ಗುಂಡು ಹೊಡೆಯುವವರಿಗೆ, ತೋಟಾ ಆಯ್ಕೆ ಕಡಿಮೆ ಇರುವ ಕಡೆಯವರಿಗೆ ಇದು ಒಳ್ಳೆಯದು.

## ಹಂತ 4: ಕೈಗೆ ಹೊಂದಿಸಿ ನೋಡಿ

ಮ್ಯಾಗಜೀನ್ ತೆಗೆಯಿರಿ. ಆಮೇಲೆ ಸ್ಲೈಡ್ ಅಥವಾ ಬೋಲ್ಟ್ ಹಿಂದಕ್ಕೆಳೆದು ನಿಲ್ಲಿಸಿ, ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳ ತುದಿಯಿಂದ ಮುಟ್ಟಿ ನೋಡಿ. ಈ ಕ್ರಮ ಹಿಂದುಮುಂದಾಗಬಾರದು. ಮ್ಯಾಗಜೀನ್ ಒಳಗಿರುವಾಗಲೇ ಚೇಂಬರ್ ಖಾಲಿ ಮಾಡಿದರೆ, ಬೋಲ್ಟ್ ಮುಂದೆ ಹೋಗುವಾಗ ಮತ್ತೊಂದು ತೋಟಾ ತುಂಬಿಕೊಂಡಿರುತ್ತದೆ. ನಳಿಗೆಯ ಬಾಯಿ ಯಾವಾಗಲೂ ಗುಂಡು ತಡೆಯುವ ದಿಕ್ಕಿಗಿರಲಿ. ಗುರಿ ನೋಡಿ ಹೊಡೆಯುವ ನಿರ್ಧಾರ ಆಗುವತನಕ ಬೆರಳು ಟ್ರಿಗರಿನ ಹೊರಗೇ ಇರಲಿ.

ಈಗ ಹೆಬ್ಬೆರಳು-ತೋರುಬೆರಳ ನಡುವಿನ ಕವಲನ್ನು ಹಿಡಿಯ ಮೇಲ್ತುದಿಗೆ ಒತ್ತಿ ಹಿಡಿಯಿರಿ. ತೋರುಬೆರಳ ಮೊದಲ ಗೆಣ್ಣಿನ ತಿರುಳು ಟ್ರಿಗರಿನ ಮೇಲೆ ನೇರವಾಗಿ ಕೂರಬೇಕು. ತುದಿ ಮಾತ್ರ ತಾಗಿದರೆ ಹಿಡಿ ನಿಮಗೆ ದೊಡ್ಡದು, ಬೆರಳ ಮಡಿಕೆಯೇ ಸಿಕ್ಕಿಕೊಂಡರೆ ಚಿಕ್ಕದು. ಟ್ರಿಗರ್ ಮುಟ್ಟಲು ಹಿಡಿಯನ್ನು ಅಂಗೈಯಲ್ಲಿ ತಿರುಗಿಸಬೇಕಾಗಿ ಬಂದರೆ ಆ ಪಿಸ್ತೂಲು ಬಿಡಿ.

ಕಣ್ಣು ಮುಚ್ಚಿ ಪಿಸ್ತೂಲನ್ನು ಗುರಿಯತ್ತ ಎತ್ತಿ, ಕಣ್ಣು ತೆರೆಯಿರಿ. ಸೈಟುಗಳು ಹೆಚ್ಚುಕಡಿಮೆ ಸಾಲಿಗೆ ಬಂದಿರಬೇಕು. ಹತ್ತು ಸಲ ಮಾಡಿ. ಏಳೆಂಟು ಸಲವಾದರೂ ಸಾಲಿಗೆ ಬರದಿದ್ದರೆ ಹಿಡಿಯ ಕೋನ ನಿಮ್ಮ ಮಣಿಕಟ್ಟಿಗೆ ಒಗ್ಗುವುದಿಲ್ಲ. ತೂಕ 900ರಿಂದ 1,200 ಗ್ರಾಂ ಇದ್ದರೆ ಗುರಿ ನಡುಗುವುದು ಕಡಿಮೆ. ಒಂದು ನಿಮಿಷ ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿ ನಿರ್ಧರಿಸಿ.

## ಹಂತ 5: ಟ್ರಿಗರ್

ಡಮ್ಮಿ ತೋಟಾ ಹಾಕಿಯೇ ಪರೀಕ್ಷಿಸಿ. ರಿಮ್‌ಫೈರ್ ಪಿಸ್ತೂಲನ್ನು ಖಾಲಿ ಹೊಡೆದರೆ ಕೆಲವು ಮಾದರಿಗಳಲ್ಲಿ ಫೈರಿಂಗ್ ಪಿನ್ ನೇರ ಚೇಂಬರಿನ ಅಂಚಿಗೇ ಬಡಿದು ತಗ್ಗು ಮಾಡುತ್ತದೆ. ಖಾಲಿ ಹೊಡೆಯಬಹುದು ಎಂದು ಕೈಪಿಡಿಯಲ್ಲಿ ಬರೆದಿದ್ದರೆ ಮಾತ್ರ ಹಾಗೆ ಮಾಡಿ.

ಮಾಪಕದಿಂದ ಐದು ಸಲ ಅಳೆದು ಸರಾಸರಿ ತೆಗೆಯಿರಿ. 1.2ರಿಂದ 1.8 ಕೆ.ಜಿ. ನಡುವೆ ಇದ್ದರೆ ಅಭ್ಯಾಸಕ್ಕೆ ಚೆನ್ನ. ಅಳತೆಗಳ ನಡುವೆ ಕಾಲು ಕಿಲೋಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಳಗಿನ ಮೈ ಒರಟಾಗಿದೆ ಎಂದು ತಿಳಿಯಿರಿ. ಎಳೆತದ ತೂಕಕ್ಕಿಂತ ಅದರ ನಯ ಮುಖ್ಯ: ಎಳೆಯುವಾಗ ಮರಳು ಸಿಕ್ಕಂತೆ ತಡೆತಡೆದು ಬರಬಾರದು, ಬಿಟ್ಟ ಕ್ಷಣ ಬೆರಳು ಹಿಂದೆ ಧುಮುಕಬಾರದು. ಮುಂದಿನ ಸೈಟು ಜಿಗಿಯುತ್ತದೆಯೇ ಎಂದು ನೋಡುತ್ತ ಎಳೆಯಿರಿ.

ಕಂಪನಿ ಕೊಟ್ಟ ಟ್ರಿಗರನ್ನು ಉಜ್ಜಿ ಹಗುರ ಮಾಡಿಸುವ ಕೆಲಸ ಬೇಡವೇ ಬೇಡ. ಮುಟ್ಟಿದರೆ ಹಾರುವ ಪಿಸ್ತೂಲುಗಳು ಹುಟ್ಟುವುದು ಅಲ್ಲೇ.

## ಹಂತ 6: ಸೈಟುಗಳು

ಲೆಕ್ಕ ಸರಳ. ಎರಡು ಸೈಟುಗಳ ನಡುವೆ 180 ಮಿ.ಮೀ. ಅಂತರವಿರುವ ಪಿಸ್ತೂಲಿನಲ್ಲಿ ಮುಂದಿನ ಸೈಟು 1 ಮಿ.ಮೀ. ಪಕ್ಕಕ್ಕೆ ಸರಿದರೆ, 25 ಮೀಟರಿನಲ್ಲಿ ಗುಂಡು ಸುಮಾರು 14 ಸೆಂ.ಮೀ. ತಪ್ಪುತ್ತದೆ. ಅಂತರ 110 ಮಿ.ಮೀ. ಇದ್ದರೆ ಅದೇ ತಪ್ಪಿಗೆ ಸುಮಾರು 23 ಸೆಂ.ಮೀ. ಉದ್ದ ನಳಿಗೆ ಹೆಚ್ಚು ಕರಾರುವಾಕ್ಕು ಎಂದು ಜನ ಹೇಳುವುದರಲ್ಲಿ ಬಹುಪಾಲು ಇಷ್ಟೇ. 12ರಿಂದ 15 ಸೆಂ.ಮೀ. ನಳಿಗೆ ನೋಡಿ.

ಹಿಂದಿನ ಸೈಟು ಮೇಲೆ-ಕೆಳಗೆ, ಎಡ-ಬಲ ಎರಡೂ ಕಡೆ ಹೊಂದುವಂತಿರಲಿ. ಬೇರೆ ತೋಟಾ ಹಾಕಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ. ಅಲುಗದ ಸೈಟಿನಲ್ಲಿ ಅದಕ್ಕೆ ಮದ್ದಿಲ್ಲ. ವಯಸ್ಸಾಗಿ ಹತ್ತಿರದ್ದು ಮಸುಕಾದವರು ರೆಡ್ ಡಾಟ್ (ಕೆಂಪು ಚುಕ್ಕೆ ತೋರಿಸುವ ಗಾಜಿನ ಸೈಟು) ಕೂರಿಸಲು ತೂತು ಅಥವಾ ಪಟ್ಟಿ ಇದೆಯೇ ಎಂದು ನೋಡಿಕೊಳ್ಳಿ.

## ಹಂತ 7: ಮ್ಯಾಗಜೀನು

ಸಿಕ್ಕಿಕೊಳ್ಳುವ ತೊಂದರೆಯಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಪಿಸ್ತೂಲು ಮಾಡಿದವರೇ ಮಾಡಿದ ಮ್ಯಾಗಜೀನು ಕನಿಷ್ಠ ಮೂರು ಇರಲಿ, ಮಾರ್ಕರಿನಿಂದ 1, 2, 3 ಎಂದು ಬರೆಯಿರಿ. ಮೇಲ್ತುದಿಯ ತುಟಿಗಳು ಎರಡೂ ಕಡೆ ಸಮವಾಗಿರಬೇಕು, ಬಾಗು-ಬಿರುಕು ಇರಬಾರದು.

ತುಂಬುವಾಗ ಪ್ರತಿ ತೋಟಾದ ಅಂಚೂ ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಪಕ್ಕದ ಗುಂಡಿಯನ್ನು ಪೂರ್ತಿ ಕೆಳಗೆಳೆದು ತೋಟಾಗಳನ್ನು ಸುರಿದು ತುಂಬುವ ಅಭ್ಯಾಸ ಕೆಲವರಿಗಿದೆ. ಅಂಚುಗಳು ಕೊಂಡಿ ಹಾಕಿಕೊಳ್ಳುವುದು ಆಗಲೇ. ಒಂದು ತೋಟಾಕ್ಕೆ ಎಷ್ಟು ಬೇಕೋ ಅಷ್ಟೇ ಇಳಿಸಿ, ಒಂದೊಂದಾಗಿ ತುಂಬಿ.

## ಹಂತ 8: ಕೈಯಲ್ಲಿರುವ ಪಿಸ್ತೂಲನ್ನೇ ಶೋಧಿಸಿ

ಮಾದರಿ ಒಳ್ಳೆಯದು ಎಂದ ಮಾತ್ರಕ್ಕೆ ನಿಮ್ಮ ಕೈಗೆ ಬಂದ ಪಿಸ್ತೂಲು ಒಳ್ಳೆಯದಾಗಿರಬೇಕಿಲ್ಲ. ಬಳಸಿದ್ದಾದರೆ ಈ ಹಂತಕ್ಕೆ ಅರ್ಧ ಗಂಟೆ ಕೊಡಿ.

ಮೊದಲು ನಳಿಗೆ. ಖಾಲಿ ಎಂದು ಮತ್ತೊಮ್ಮೆ ಖಚಿತಪಡಿಸಿ, ಬಿಚ್ಚಲು ಬರುವಂತಿದ್ದರೆ ಬಿಚ್ಚಿ, ಚೇಂಬರಿನ ಕಡೆಯಿಂದ ಟಾರ್ಚು ಬಿಟ್ಟು ನೋಡಿ. ಸುರುಳಿ ಗೀರುಗಳು ಚೂಪಾಗಿ ಕಾಣಬೇಕು. ನಡುವೆ ಎಲ್ಲಾದರೂ ಕಪ್ಪು ಉಂಗುರದಂಥ ನೆರಳಿದ್ದರೆ, ಹಿಂದೊಮ್ಮೆ ಒಳಗೆ ಗುಂಡು ಸಿಕ್ಕಿಕೊಂಡಿದ್ದಾಗ ಅದರ ಹಿಂದೆ ಇನ್ನೊಂದು ಹೊಡೆದು ನಳಿಗೆ ಊದಿರಬಹುದು. ಅಂಥದ್ದನ್ನು ಕೊಳ್ಳಬೇಡಿ. ನಳಿಗೆಯ ಬಾಯಂಚಿನಲ್ಲಿ ಜಜ್ಜಿದ ಗುರುತಿದ್ದರೆ ಗುಂಡು ಹೊರಬೀಳುವ ಕೊನೆಯ ಗಳಿಗೆಯಲ್ಲಿ ದಿಕ್ಕು ತಪ್ಪುತ್ತದೆ.

ಆಮೇಲೆ ಚೇಂಬರಿನ ಅಂಚು. ಫೈರಿಂಗ್ ಪಿನ್ ಬಡಿಯುವ ಜಾಗದಲ್ಲಿ ತಗ್ಗು, ಒಳಕ್ಕೆ ಚಾಚಿದ ಮುಳ್ಳು ಇದೆಯೇ? ಆ ಮುಳ್ಳು ತೋಟಾ ಒಳಹೋಗುವಾಗಲೂ ಖಾಲಿ ಕೇಸ್ ಹೊರಬರುವಾಗಲೂ ತಡೆಯುತ್ತದೆ. ಕೇಸನ್ನು ಹಿಡಿದೆಳೆಯುವ ಎಕ್ಸ್‌ಟ್ರಾಕ್ಟರಿನ ಉಗುರು ಚೂಪಾಗಿರಬೇಕು, ಸ್ಪ್ರಿಂಗಿನ ಮೇಲೆ ಚುರುಕಾಗಿ ಆಡಬೇಕು.

ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ) ಪರೀಕ್ಷೆ ಹೀಗೆ: ಡಮ್ಮಿ ತೋಟಾ ತುಂಬಿ, ಸೇಫ್ಟಿ ಹಾಕಿ, ಟ್ರಿಗರನ್ನು ಮಾಮೂಲಿಗಿಂತ ಗಟ್ಟಿಯಾಗಿ ಎಳೆಯಿರಿ. ಏನೂ ಆಗಬಾರದು. ಬೆರಳು ಪೂರ್ತಿ ತೆಗೆದು ಸೇಫ್ಟಿ ಬಿಚ್ಚಿ. ಆಗಲೂ ಏನೂ ಆಗಬಾರದು; ಈ ಎರಡನೆಯದನ್ನೇ ಜನ ಮರೆಯುವುದು. ನಂತರ ಟ್ರಿಗರ್ ಎಳೆದು ಹಿಡಿದುಕೊಂಡೇ ಸ್ಲೈಡನ್ನು ಒಮ್ಮೆ ಹಿಂದೆಳೆದು ಬಿಡಿ, ಬೆರಳನ್ನು ಮೆಲ್ಲನೆ ಸಡಿಲಿಸಿ: ಟಿಕ್ ಎಂದು ಮತ್ತೆ ಕೊಂಡಿಗೆ ಸಿಗಬೇಕು. ಮ್ಯಾಗಜೀನ್ ಇಲ್ಲದೆ ಟ್ರಿಗರ್ ಕೆಲಸ ಮಾಡದ ಪಿಸ್ತೂಲುಗಳೂ ಇವೆ. ಅವಕ್ಕೆ ಖಾಲಿ ಮ್ಯಾಗಜೀನ್ ಹಾಕಿಯೇ ನೋಡಬೇಕು.

ರಿವಾಲ್ವರಿನಲ್ಲಿ ಕುದುರೆಯನ್ನು (ಹಿಂಬದಿಯ ಹ್ಯಾಮರನ್ನು) ಬಹಳ ನಿಧಾನವಾಗಿ ಎಳೆಯಿರಿ. ಕುದುರೆ ನಿಲ್ಲುವ ಹೊತ್ತಿಗೆ ಸಿಲಿಂಡರ್ ಬೀಗ ಬಿದ್ದಿರಬೇಕು, ಪ್ರತಿ ಚೇಂಬರಿಗೂ. ಬೀಳದಿದ್ದರೆ ಗುಂಡು ನಳಿಗೆಯ ಬಾಯಿಗೆ ಓರೆಯಾಗಿ ತಾಗಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ.

ಕೊನೆಗೆ ಕ್ರಮಾಂಕವನ್ನು ತಯಾರಕರ ವಾಪಸಾತಿ ಪಟ್ಟಿಯಲ್ಲಿ ಹುಡುಕಿ. ಉದಾಹರಣೆಗೆ 2017ರ ಜೂನ್ 1ಕ್ಕಿಂತ ಮುಂಚೆ ತಯಾರಾದ ಮಾರ್ಕ್ 4 ಪಿಸ್ತೂಲುಗಳನ್ನು ಸೇಫ್ಟಿಯ ದೋಷಕ್ಕಾಗಿ ಕಂಪನಿಯೇ ಹಿಂದಕ್ಕೆ ಕರೆಸಿ ಸರಿಪಡಿಸಿಕೊಟ್ಟಿತು. ಆ ಕೆಲಸ ಆಗಿದೆಯೇ ಎಂದು ಕೇಳದೆ ಹಳೆಯ ಮಾರ್ಕ್ 4 ಕೊಳ್ಳಬೇಡಿ.

## ಹಂತ 9: ಇನ್ನೂರು ಗುಂಡಿನ ಪರೀಕ್ಷೆ

ಹೊಸ ಪಿಸ್ತೂಲಿನ ಮೇಲೆ ಕಾರ್ಖಾನೆಯ ತುಕ್ಕುನಿರೋಧಕ ಎಣ್ಣೆ ಮೆತ್ತಿರುತ್ತದೆ. ಅದನ್ನು ಒರೆಸಿ, ಉಜ್ಜುವ ಜಾಗಗಳಿಗೆ ಮಾತ್ರ ಒಂದೊಂದು ಹನಿ ಎಣ್ಣೆ ಬಿಡಿ. ಚೇಂಬರ್ ಒಣಗಿರಲಿ. ಇದನ್ನು ಬಿಟ್ಟು ನೇರ ರೇಂಜಿಗೆ ಹೋಗಿ ಪಿಸ್ತೂಲು ಸರಿಯಿಲ್ಲ ಎಂದು ಮರಳುವವರೇ ಹೆಚ್ಚು.

ಗುಂಡು ತಡೆಯುವ ದಿಬ್ಬವಿರುವ ಅಧಿಕೃತ ರೇಂಜಿನಲ್ಲೇ ಹೊಡೆಯಿರಿ; .22 ಗುಂಡು ತಡೆಯಿಲ್ಲದಿದ್ದರೆ ಒಂದು ಕಿಲೋಮೀಟರಿಗಿಂತಲೂ ದೂರ ಹೋಗಬಲ್ಲದು. ನಾಲ್ಕು ಬ್ರ್ಯಾಂಡಿನಿಂದ ತಲಾ 50 ತೋಟಾ ತೆಗೆದುಕೊಳ್ಳಿ. ಮೊದಲ ಮ್ಯಾಗಜೀನಿಗೆ ಎರಡೇ ತೋಟಾ. ಅದು ಸರಿಹೋದರೆ ಐದು, ಆಮೇಲೆ ಪೂರ್ತಿ. ಪ್ರತಿ ತಡೆಯನ್ನೂ ಬರೆಯಿರಿ: ಯಾವ ತೋಟಾ, ಎಷ್ಟನೆಯ ಮ್ಯಾಗಜೀನು, ಏನಾಯಿತು.

ಟ್ರಿಗರ್ ಎಳೆದರೂ ಹಾರಲಿಲ್ಲವೇ? ನಳಿಗೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ, ತಡವಾಗಿ ಹಾರುವುದುಂಟು. ಆಮೇಲೆ ತೆಗೆದು ಅಂಚಿನ ಗುರುತು ನೋಡಿ. ಆಳವಾದ ಗುರುತಿದ್ದರೆ ತಪ್ಪು ತೋಟಾದ್ದು. ಗುರುತು ತೆಳುವಾಗಿದ್ದರೆ ಫೈರಿಂಗ್ ಪಿನ್ನಿನ ದಾರಿಯಲ್ಲಿ ಕೊಳೆ, ಸೋತ ಸ್ಪ್ರಿಂಗ್, ಅಥವಾ ಕೊಳಕು ಚೇಂಬರ್. ತೋಟಾ ಪೂರ್ತಿ ಇಳಿಯದಿದ್ದಾಗ ಮೊದಲ ಪೆಟ್ಟು ಅದನ್ನು ಒಳಗೆ ತಳ್ಳುವುದರಲ್ಲೇ ಖರ್ಚಾಗುತ್ತದೆ.

ಖಾಲಿ ಕೇಸ್ ಚಿಮಣಿಯಂತೆ ನೆಟ್ಟಗೆ ನಿಂತು ಸಿಕ್ಕಿಕೊಂಡರೆ ತೋಟಾ ಸಪ್ಪೆ ಅಥವಾ ಮಣಿಕಟ್ಟು ಸಡಿಲ. ಗಟ್ಟಿಯಾಗಿ ಹಿಡಿದು, ಹೈ ವೆಲಾಸಿಟಿ ಹಾಕಿ ನೋಡಿ. ಎರಡೂ ಮಾಡಿದ ಮೇಲೆ ಈ ತೊಂದರೆ ನಿಂತುಹೋದರೆ ಪಿಸ್ತೂಲಿನಲ್ಲಿ ದೋಷವಿಲ್ಲ. ಗುಂಡಿನ ಮೂಗು ಕೆಳಗೆ ಕುಕ್ಕಿ ನಿಂತರೆ ನಿಮ್ಮ ಪಟ್ಟಿ ನೋಡಿ: 2ನೇ ಮ್ಯಾಗಜೀನಿನಲ್ಲೇ ಪದೇ ಪದೇ ಆಗುತ್ತಿದೆಯೇ? ಹಾಗಿದ್ದರೆ ಅದೊಂದನ್ನು ಬಿಸಾಡಿ.

ಮೂರು ಲಕ್ಷಣಗಳಿಗೆ ಆ ಕ್ಷಣವೇ ನಿಲ್ಲಿಸಬೇಕು. ಸದ್ದು ಎಂದಿಗಿಂತ ಮಂದವಾಗಿ ಬುಸ್ ಎಂದರೆ ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಖಾಲಿ ಮಾಡಿ ಸಲಾಕೆ ತೂರಿಸಿ ನೋಡದೆ ಮುಂದಿನದನ್ನು ಹೊಡೆಯಬೇಡಿ. ಒಂದೇ ಎಳೆತಕ್ಕೆ ಎರಡು ಹಾರಿದರೆ ಪಿಸ್ತೂಲು ನೇರ ಬಂದೂಕು ರಿಪೇರಿಯವರ ಬಳಿಗೆ ಹೋಗಬೇಕು. ಮುಖಕ್ಕೆ ಬಿಸಿ ಅನಿಲ, ಚೂರು ಬಡಿದರೆ, ಹೊರಬಿದ್ದ ಕೇಸಿನ ಅಂಚು ಸೀಳಿದ್ದರೆ, ಅದೂ ಅಲ್ಲಿಗೇ.

ನಮ್ಮ ಅಳತೆಗೋಲು ಇದು: ಚೆನ್ನಾಗಿ ಒಗ್ಗಿದ ಎರಡು ಬ್ರ್ಯಾಂಡಿನಲ್ಲಿ ತಲಾ ಇನ್ನೂ 100 ಹೊಡೆದಾಗ, ಠುಸ್ ತೋಟಾ ಬಿಟ್ಟು, ಒಂದಕ್ಕಿಂತ ಹೆಚ್ಚು ತಡೆ ಬರಬಾರದು. ನಾಲ್ಕು ಬ್ರ್ಯಾಂಡಿನಲ್ಲೂ ಒಗ್ಗಬೇಕೆಂದು ಹಟ ಹಿಡಿಯಬೇಡಿ.

## ಹಂತ 10: ಗುಂಪು ಅಳೆದು ತೋಟಾ ನಿಶ್ಚಯಿಸಿ

ಮರಳಿನ ಚೀಲದ ಮೇಲೆ ಕೈ ಊರಿ, ನಳಿಗೆ ಚೀಲಕ್ಕೆ ತಾಗದಂತೆ, 25 ಮೀಟರಿನಲ್ಲಿ ಐದೈದು ಗುಂಡಿನ ಐದು ಗುಂಪು ಹೊಡೆಯಿರಿ. ಅತಿ ದೂರದ ಎರಡು ತೂತುಗಳ ನಡುಬಿಂದುವಿನಿಂದ ನಡುಬಿಂದುವಿಗೆ ಅಳೆದು ಸರಾಸರಿ ತೆಗೆಯಿರಿ. ಗುರಿ ಪಿಸ್ತೂಲಿಗೆ 5 ಸೆಂ.ಮೀ. ಒಳಗೆ ಬಂದರೆ ಬಹಳ ಒಳ್ಳೆಯದು, 8 ಸೆಂ.ಮೀ.ವರೆಗೆ ಬಿಡುವಿನ ಅಭ್ಯಾಸಕ್ಕೆ ಸಾಕು. ಒಂದೇ ಒಂದು ಅದೃಷ್ಟದ ಗುಂಪನ್ನು ನಂಬಬೇಡಿ. ತೋಟಾ ಬದಲಿಸಿದಾಗ ಮೊದಲ ಹತ್ತು ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಳೆಯದರ ಗುಂಡಿಗೆ ಹಚ್ಚಿದ್ದ ಮೇಣ ನಳಿಗೆಯಿಂದ ಹೋಗಿ ಹೊಸದರದ್ದು ಕೂರಲು ಅಷ್ಟು ಬೇಕು.

ಗುಂಪು ಚಿಕ್ಕದಿದ್ದು ಒಂದು ಪಕ್ಕಕ್ಕೆ ಬೀಳುತ್ತಿದ್ದರೆ ಸೈಟು ತಿರುಗಿಸಿ: ಗುಂಡು ಎತ್ತ ಹೋಗಬೇಕೋ ಹಿಂದಿನ ಸೈಟನ್ನು ಅತ್ತ ಸರಿಸಿ. ಗುಂಪೇ ಚದುರಿದರೆ ಸೈಟು ಮುಟ್ಟಬೇಡಿ. ಮೊದಲು ಸೈಟಿನ, ಹಿಡಿಯ ಸ್ಕ್ರೂಗಳನ್ನು ನೋಡಿ, ಆಮೇಲೆ ತೋಟಾ ಬದಲಿಸಿ, ಕೊನೆಗೆ ಅನುಭವವಿರುವ ಇನ್ನೊಬ್ಬರ ಕೈಗೆ ಕೊಟ್ಟು ಹೊಡೆಸಿ. ಅವರಿಗೂ ಚದುರಿದರೆ ಪಿಸ್ತೂಲನ್ನು ಹಿಂತಿರುಗಿಸಿ.

ಒಗ್ಗಿದ ತೋಟಾ ಗೊತ್ತಾದ ಮೇಲೆ ಒಂದೇ ಲಾಟ್ ಸಂಖ್ಯೆಯ (ಒಂದೇ ಕಂತಿನಲ್ಲಿ ತಯಾರಾದ) ಪೆಟ್ಟಿಗೆಗಳನ್ನು ಒಟ್ಟಿಗೆ ಕೊಳ್ಳಿ. ಎರಡು-ಮೂರು ನೂರು ಗುಂಡಿಗೊಮ್ಮೆ ಚೇಂಬರ್, ಬೋಲ್ಟಿನ ಮುಖ, ಎಕ್ಸ್‌ಟ್ರಾಕ್ಟರಿನ ಉಗುರಿನ ಕೆಳಗಿನ ಮಸಿ ತೆಗೆಯಿರಿ. ಪ್ರತಿ ಸಲ ಹೊಡೆದು ಮುಗಿಸಿದ ಮೇಲೆ, ಊಟಕ್ಕೆ ಕೂರುವ ಮುಂಚೆ, ಮುಖ ಮುಟ್ಟುವ ಮುಂಚೆ, ಸೋಪು ಹಾಕಿ ಕೈ ತೊಳೆಯಿರಿ. ಬೆರಳಿಗೆ ಅಂಟಿದ ಬೂದು ಪುಡಿಯಲ್ಲಿ ಸೀಸವಿರುತ್ತದೆ.